ಮಂದ್ರಸ್ವರದ ಲಿಪಿ: ಗೆರೆ, ಅಂಕೆ ಮತ್ತು ಕಿವಿ

ಮಾತಿಗೆ ಲಿಪಿಯಿರುವಂತೆ ಸಂಗೀತಕ್ಕೂ ಲಿಪಿಯುಂಟು. ಅಕ್ಷರವನ್ನೇ ಅರಿಯದವನೂ ಚೆನ್ನಾಗಿ ಮಾತನಾಡಬಲ್ಲ. ಹಾಗೆಯೇ ಸ್ವರಲಿಪಿಯನ್ನು ಅರಿಯದವನೂ ಸೊಗಸಾಗಿ ವಾದ್ಯ ನುಡಿಸಬಲ್ಲ. ಹಾಗಾದರೆ ಲಿಪಿಯಿಂದ ಪ್ರಯೋಜನವೇನು? ಒಂದೇ ವಾದ್ಯಕ್ಕೆ ಎರಡು ಬಗೆಯ ಲಿಪಿಗಳಿದ್ದರೆ ಅವುಗಳಲ್ಲಿ ಯಾವುದು ಮೇಲು? ಪಾಶ್ಚಾತ್ಯ ವಾದ್ಯಮೇಳದಲ್ಲಿ ಮಂದ್ರಸ್ವರಗಳನ್ನು ನುಡಿಸುವ ಬೇಸ್ ಗಿಟಾರನ್ನು ಕಲಿಯಹೊರಟ ವಿದ್ಯಾರ್ಥಿಗೆ ಮೊದಲ ವಾರದಲ್ಲಿಯೇ ಈ ಪ್ರಶ್ನೆ ಎದುರಾಗುತ್ತದೆ. ಐದು ಗೆರೆಗಳ ಸ್ವರಲಿಪಿಯನ್ನು ಕಲಿಯಬೇಕೆಂದು ಒಬ್ಬರು ಹೇಳುತ್ತಾರೆ. ಟ್ಯಾಬ್ ಎಂಬ ಅಂಕೆಗಳ ಲಿಪಿಯೇ ಸಾಕೆಂದು ಇನ್ನೊಬ್ಬರು ಹೇಳುತ್ತಾರೆ. ಕಿವಿಯೊಂದಿದ್ದರೆ ಯಾವ ಲಿಪಿಯೂ ಬೇಡವೆಂಬುದು ಮೂರನೆಯವರ ಅಭಿಪ್ರಾಯ.

ಇದು ಬರಿಯ ಅಭಿರುಚಿಯ ವಿಷಯವೆಂದು ಹಲವರು ಭಾವಿಸುವುದುಂಟು. ಆದರೆ ಇದರ ಹಿಂದೆ ಭೌತಶಾಸ್ತ್ರದ ಕೆಲವು ಸ್ವಾರಸ್ಯವಾದ ಸಂಗತಿಗಳು ಅಡಗಿವೆ. ಒಂದು ಸ್ವರದ ಬಗೆಗೆ ನಾವು ಏನನ್ನೆಲ್ಲ ತಿಳಿಯಬೇಕು, ಯಾವ ಲಿಪಿ ಅದರಲ್ಲಿ ಎಷ್ಟನ್ನು ಉಳಿಸುತ್ತದೆ, ಎಷ್ಟನ್ನು ಬಿಟ್ಟುಬಿಡುತ್ತದೆ ಎಂಬುದನ್ನು ವಿಚಾರಿಸಿದರೆ ಮೇಲಿನ ವಾದಕ್ಕೆ ಒಂದು ಸಮಂಜಸವಾದ ಉತ್ತರ ದೊರೆಯುತ್ತದೆ.

ವಾದ್ಯದ ಪರಿಚಯ

ಬೇಸ್ ಗಿಟಾರಿಗಿಂತ ಮುಂಚೆ ಮಂದ್ರಸ್ವರದ ಹೊಣೆಯನ್ನು ಹೊತ್ತಿದ್ದುದು ಡಬಲ್ ಬೇಸ್ ಎಂಬ, ಆಳೆತ್ತರವನ್ನೂ ಮೀರುವ ಪಿಟೀಲಿನ ಜಾತಿಯ ವಾದ್ಯ. ಅದಕ್ಕೆ ವೀಣೆಗಿರುವಂತೆ ಮೆಟ್ಟಿಲುಗಳಿಲ್ಲ. ಬೆರಳನ್ನು ಎಲ್ಲಿ ಊರಬೇಕೆಂಬುದನ್ನು ಕೈಯೂ ಕಿವಿಯೂ ಕೂಡಿ ನಿರ್ಣಯಿಸಬೇಕು. ೧೯೫೧ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲಿಯೋ ಫೆಂಡರ್ ಎಂಬವರು ಮೆಟ್ಟಿಲುಗಳುಳ್ಳ ವಿದ್ಯುತ್ ಬೇಸ್ ಗಿಟಾರೊಂದನ್ನು ಮಾರುಕಟ್ಟೆಗೆ ತಂದರು. ಅದರ ಹೆಸರು ‘ಪ್ರಿಸಿಷನ್ ಬೇಸ್’, ಎಂದರೆ ನಿಖರವಾದ ಬೇಸ್. ಮೆಟ್ಟಿಲಿನ ಹಿಂದೆ ಬೆರಳೊತ್ತಿದರೆ ಸಾಕು, ಸ್ವರ ತನ್ನ ಸ್ಥಾನದಲ್ಲಿಯೇ ನುಡಿಯುವುದೆಂಬ ಅರ್ಥದಲ್ಲಿ ಆ ಹೆಸರು ಬಂದಿತು.

ಈ ವಾದ್ಯಕ್ಕೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಕೆಳಗಿನ ಸ್ಥಾಯಿಯಿಂದ ಮೇಲಕ್ಕೆ ಅವುಗಳ ಹೆಸರು ಇ, ಎ, ಡಿ, ಜಿ. ಮೆಟ್ಟಿಲನ್ನು ಒತ್ತದೆ ಮೀಟಿದಾಗ ಅವು ಸೆಕೆಂಡಿಗೆ ಅನುಕ್ರಮವಾಗಿ ೪೧.೨, ೫೫, ೭೩.೪ ಮತ್ತು ೯೮ ಸಲ ಕಂಪಿಸುತ್ತವೆ. ಕುದುರೆಯಿಂದ ತಲೆಯ ಕಡೆಯ ಆಧಾರದವರೆಗೆ, ಕಂಪಿಸುವ ತಂತಿಯ ಉದ್ದ ೩೪ ಅಂಗುಲ. ಎಂದರೆ ಸುಮಾರು ೮೬ ಸೆಂಟಿಮೀಟರ್.

ತಂತಿಯ ಕಂಪನಾಂಕವು ಅದರ ಉದ್ದಕ್ಕೆ ವಿಲೋಮಾನುಪಾತದಲ್ಲಿಯೂ, ಬಿಗಿತದ ವರ್ಗಮೂಲಕ್ಕೆ ಸಮಾನುಪಾತದಲ್ಲಿಯೂ, ಏಕಮಾನ ಉದ್ದದ ದ್ರವ್ಯರಾಶಿಯ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿಯೂ ಇರುತ್ತದೆಂಬುದನ್ನು ವಿದ್ಯಾರ್ಥಿಗಳು ಸೋನೋಮೀಟರಿನ ಪ್ರಯೋಗದಲ್ಲಿ ನೋಡಿರುತ್ತಾರೆ. ಈ ನಿಯಮಗಳನ್ನು ಫ್ರಾನ್ಸಿನ ಮೆರ್ಸೆನ್ ೧೬೩೬ರ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಅದಕ್ಕೂ ಹಿಂದೆ ಬಿಗಿತದ ವಿಷಯವನ್ನು ಪ್ರಯೋಗದಿಂದ ಕಂಡುಕೊಂಡವನು ವಿನ್ಚೆನ್ಜೊ ಗೆಲಿಲಿ. ಈತನು ಲ್ಯೂಟ್ ಎಂಬ ತಂತಿವಾದ್ಯದ ವಾದಕ. ಪ್ರಖ್ಯಾತ ವಿಜ್ಞಾನಿ ಗೆಲಿಲಿಯೋವಿನ ತಂದೆ.

ನುಡಿಸುವಾಗ ವಾದಕನು ಮುಖ್ಯವಾಗಿ ಬದಲಿಸುವುದು ತಂತಿಯ ಉದ್ದವನ್ನು. ಒಂದು ಸ್ಥಾಯಿಯನ್ನು ಹನ್ನೆರಡು ಸಮಾನ ಅನುಪಾತಗಳಾಗಿ ಹಂಚಿದರೆ ಒಂದೊಂದು ಮೆಟ್ಟಿಲಿಗೂ ಕಂಪನಾಂಕವು ೧.೦೫೯೫ ಪಟ್ಟು ಏರುತ್ತದೆ. ವಿನ್ಚೆನ್ಜೊ ಗೆಲಿಲಿ ೧೫೮೧ರಲ್ಲಿ ಸೂಚಿಸಿದ ೧೮:೧೭ ಎಂಬ ಅನುಪಾತವು ೧.೦೫೮೮ ಆಗುತ್ತದೆಂಬುದು ಗಮನಾರ್ಹ. ೩೪ ಅಂಗುಲದ ತಂತಿಯಲ್ಲಿ ಮೊದಲನೆಯ ಮೆಟ್ಟಿಲು ತಲೆಯ ಆಧಾರದಿಂದ ೧.೯೧ ಅಂಗುಲ ದೂರದಲ್ಲಿರುತ್ತದೆ. ಹನ್ನೊಂದನೆಯ ಮತ್ತು ಹನ್ನೆರಡನೆಯ ಮೆಟ್ಟಿಲುಗಳ ನಡುವಣ ಅಂತರ ಸುಮಾರು ೧ ಅಂಗುಲ ಮಾತ್ರ. ಹನ್ನೆರಡನೆಯದು ಸರಿಯಾಗಿ ತಂತಿಯ ನಡುವೆ, ೧೭ ಅಂಗುಲದಲ್ಲಿ ಬರುತ್ತದೆ. ಅಲ್ಲಿ ಕಂಪನಾಂಕ ಇಮ್ಮಡಿಯಾಗಿ, ಮುಂದಿನ ಸ್ಥಾಯಿಯ ಅದೇ ಸ್ವರ ದೊರೆಯುತ್ತದೆ.

ಐದು ಗೆರೆಗಳ ಲಿಪಿ

ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಅರೆಟ್ಸೊ ಎಂಬಲ್ಲಿ ಗ್ವೀಡೊ ಎಂಬ ಸನ್ಯಾಸಿ ಬಾಲಕರಿಗೆ ಪ್ರಾರ್ಥನಾಗೀತೆಗಳನ್ನು ಕಲಿಸುತ್ತಿದ್ದನು. ಗೀತೆಗಳನ್ನು ಕೇಳಿ ಕೇಳಿಯೇ ಕಂಠಪಾಠ ಮಾಡಬೇಕಾಗಿದ್ದ ಕಾಲವದು. ಸ್ವರಗಳನ್ನು ಗೆರೆಗಳ ಮೇಲೂ ಗೆರೆಗಳ ನಡುವೆಯೂ ಗೊತ್ತಾದ ಸ್ಥಾನಗಳಲ್ಲಿ ಬರೆಯುವ ಪದ್ಧತಿಯನ್ನು ಗ್ವೀಡೊ ವ್ಯವಸ್ಥಿತಗೊಳಿಸಿದನು. ಹಿಂದೆ ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆ ಇದರಿಂದ ಒಂದೆರಡು ವರ್ಷಗಳಲ್ಲಿ ಮುಗಿಯುವುದೆಂದು ಅವನೇ ಒಂದು ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಕಾಲದ ಉಳಿತಾಯಕ್ಕಿಂತ ದೊಡ್ಡ ಲಾಭ ಇನ್ನೊಂದಿತ್ತು. ಎಂದೂ ಕೇಳದಿದ್ದ ಗೀತೆಯನ್ನು ಹಾಳೆಯನ್ನು ನೋಡಿಯೇ ಹಾಡುವುದು ಸಾಧ್ಯವಾಯಿತು.

ಐದುಗೆರೆಯ ಲಿಪಿಯನ್ನು ಒಂದು ನಕ್ಷಾಲೇಖವೆಂದು ತಿಳಿದರೆ ಅದರ ಸ್ವರೂಪ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಎಡದಿಂದ ಬಲಕ್ಕೆ ಕಾಲ. ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಸ್ವರಚಿಹ್ನೆಯ ಆಕಾರ ಅದರ ಅವಧಿಯನ್ನು ತಿಳಿಸುತ್ತದೆ: ಪೂರ್ಣ, ಅರ್ಧ, ಕಾಲು, ಅರೆಕಾಲು ಎಂಬ ಕ್ರಮದಲ್ಲಿ ಒಂದೊಂದೂ ಹಿಂದಿನದರ ಅರ್ಧ. ಮೌನಕ್ಕೂ ಇದೇ ರೀತಿಯ ಚಿಹ್ನೆಗಳಿವೆ. ಮೀಟಿದ ಮೇಲೆ ಬೇಸಿನ ತಂತಿ ಬಹಳ ಹೊತ್ತು ನುಡಿಯುತ್ತಲೇ ಇರುವುದರಿಂದ, ಅದನ್ನು ಯಾವಾಗ ತಡೆಯಬೇಕೆಂಬುದು ಯಾವಾಗ ಮೀಟಬೇಕೆಂಬುದರಷ್ಟೇ ಮುಖ್ಯ. ಮೌನದ ಚಿಹ್ನೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ.

ಬೇಸಿಗಾಗಿ ಬಳಸುವ ಗೆರೆಗಳ ಆರಂಭದಲ್ಲಿ ಎರಡು ಚುಕ್ಕೆಗಳುಳ್ಳ ಒಂದು ಗುರುತಿರುತ್ತದೆ. ಆ ಚುಕ್ಕೆಗಳ ನಡುವಣ ಗೆರೆ ಎಫ್ ಸ್ವರದ್ದು. ಆದರೆ ಇಲ್ಲೊಂದು ವಿಶೇಷವಿದೆ. ಬೇಸ್ ಗಿಟಾರಿನ ಸ್ವರಗಳನ್ನು ನಿಜವಾಗಿ ನುಡಿಯುವುದಕ್ಕಿಂತ ಒಂದು ಸ್ಥಾಯಿ ಮೇಲೆ ಬರೆಯುವುದು ರೂಢಿ. ಅತಿ ಕೆಳಗಿನ ಇ ಸ್ವರವನ್ನು ನಿಜವಾದ ಎತ್ತರದಲ್ಲಿಯೇ ಬರೆದರೆ ಅದು ಐದು ಗೆರೆಗಳ ಕೆಳಗೆ ಇನ್ನೂ ನಾಲ್ಕು ತುಂಡುಗೆರೆಗಳನ್ನು ದಾಟಿ ಜೋತುಬೀಳುತ್ತದೆ. ಒಂದು ಸ್ಥಾಯಿ ಮೇಲಕ್ಕೆತ್ತಿದರೆ ಒಂದೇ ತುಂಡುಗೆರೆಯಲ್ಲಿ ಕೆಲಸ ಮುಗಿಯುತ್ತದೆ. ಡಬಲ್ ಬೇಸಿಗಿದ್ದ ಈ ಏರ್ಪಾಡೇ ಬೇಸ್ ಗಿಟಾರಿಗೂ ಬಂದಿತು.

ಇಷ್ಟು ತಿಳಿಸುವ ಈ ಲಿಪಿ ಒಂದು ಮುಖ್ಯ ವಿಷಯವನ್ನು ಮಾತ್ರ ಹೇಳುವುದಿಲ್ಲ: ಆ ಸ್ವರವನ್ನು ವಾದ್ಯದಲ್ಲಿ ಎಲ್ಲಿ ನುಡಿಸಬೇಕು? ಸೆಕೆಂಡಿಗೆ ೯೮ ಕಂಪನಗಳುಳ್ಳ ಜಿ ಸ್ವರವನ್ನೇ ತೆಗೆದುಕೊಳ್ಳೋಣ. ಅದು ಜಿ ತಂತಿಯನ್ನು ಒತ್ತದೆ ಮೀಟಿದರೆ ಬರುತ್ತದೆ. ಡಿ ತಂತಿಯ ೫ನೆಯ ಮೆಟ್ಟಿಲಿನಲ್ಲಿಯೂ, ಎ ತಂತಿಯ ೧೦ನೆಯದರಲ್ಲಿಯೂ, ಇ ತಂತಿಯ ೧೫ನೆಯದರಲ್ಲಿಯೂ ಅದೇ ಸ್ವರ ಬರುತ್ತದೆ. ಕಂಪನಾಂಕ ನಾಲ್ಕು ಕಡೆಗಳಲ್ಲಿಯೂ ಒಂದೇ. ನಾದದ ಗುಣ ಮಾತ್ರ ಬೇರೆ. ಜಿ ತಂತಿಯಲ್ಲಿ ೩೪ ಅಂಗುಲದ ತೆಳುವಾದ ತಂತಿ ಕಂಪಿಸಿದರೆ, ಇ ತಂತಿಯಲ್ಲಿ ೧೪.೩ ಅಂಗುಲದ ದಪ್ಪ ತುಂಡು ಕಂಪಿಸುತ್ತದೆ. ದಪ್ಪವಾದ ಗಿಡ್ಡ ತಂತಿ ಸುಲಭವಾಗಿ ಬಾಗದು. ಅದರ ಮೇಲ್ದರ್ಜೆಯ ಉಪಸ್ವರಗಳು ಬೇಗ ನಂದಿಹೋಗಿ ನಾದ ಗುಂಡಾಗಿಯೂ ಮಬ್ಬಾಗಿಯೂ ಕೇಳುತ್ತದೆ. ನಾಲ್ಕರಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ಐದುಗೆರೆಯ ಲಿಪಿ ವಾದಕನ ವಿವೇಚನೆಗೆ ಬಿಡುತ್ತದೆ. ಹೊಸಬನಿಗೆ ಇದೇ ತೊಡಕು, ಬಲ್ಲವನಿಗೆ ಇದೇ ಸ್ವಾತಂತ್ರ್ಯ.

ಅಂಕೆಗಳ ಲಿಪಿ

ಟ್ಯಾಬ್ ಎಂಬುದು ಟ್ಯಾಬ್ಲೇಚರ್ ಎಂಬ ಪದದ ಮೊಟಕು ರೂಪ. ಇದು ಸೋಮಾರಿಗಳಿಗಾಗಿ ಇತ್ತೀಚೆಗೆ ಹುಟ್ಟಿದ ಒಳದಾರಿಯೆಂದು ಭಾವಿಸುವವರಿದ್ದಾರೆ. ಈ ಭಾವನೆ ಸರಿಯಲ್ಲ. ವೆನಿಸ್ ನಗರದ ಪೆಟ್ರೂಚಿ ಎಂಬ ಮುದ್ರಕನು ೧೫೦೭ರಲ್ಲಿಯೇ ಲ್ಯೂಟ್ ವಾದ್ಯಕ್ಕಾಗಿ ಸ್ಪಿನಾಚೀನೊ ರಚಿಸಿದ ಕೃತಿಗಳನ್ನು ಈ ಲಿಪಿಯಲ್ಲಿ ಅಚ್ಚು ಹಾಕಿದ್ದನು. ಐನೂರು ವರ್ಷಗಳಿಗೂ ಮಿಕ್ಕಿದ ವಂಶಾವಳಿ ಇದಕ್ಕಿದೆ.

ಬೇಸಿನ ಟ್ಯಾಬಿನಲ್ಲಿ ನಾಲ್ಕು ಗೆರೆಗಳಿರುತ್ತವೆ. ಇವು ಸ್ವರದ ಎತ್ತರವನ್ನು ಸೂಚಿಸುವ ಗೆರೆಗಳಲ್ಲ, ನಾಲ್ಕು ತಂತಿಗಳ ಚಿತ್ರ. ಮೇಲಿನ ಗೆರೆ ಜಿ ತಂತಿ, ಕೆಳಗಿನದು ಇ ತಂತಿ. ಗೆರೆಯ ಮೇಲೆ ಬರೆದ ಅಂಕೆ ಒತ್ತಬೇಕಾದ ಮೆಟ್ಟಿಲನ್ನು ಹೇಳುತ್ತದೆ. ಸೊನ್ನೆಯಿದ್ದರೆ ಏನನ್ನೂ ಒತ್ತದೆ ಮೀಟಬೇಕು. ಎರಡನೆಯ ಗೆರೆಯ ಮೇಲೆ ೫ ಎಂದಿದ್ದರೆ ಡಿ ತಂತಿಯ ೫ನೆಯ ಮೆಟ್ಟಿಲು. ಕಲಿಯುವುದಕ್ಕೆ ಹತ್ತು ನಿಮಿಷ ಸಾಕು. ನಾವು ಮೇಲೆ ಕಂಡ ‘ಎಲ್ಲಿ?’ ಎಂಬ ಪ್ರಶ್ನೆಗೆ ಇದು ಒಂದೇ ಮಾತಿನ ಉತ್ತರವನ್ನು ಕೊಡುತ್ತದೆ.

ಆದರೆ ಟ್ಯಾಬ್ ಕೈಗೆ ಕೊಡುವ ಆಜ್ಞೆಯೇ ಹೊರತು ಸ್ವರದ ವರ್ಣನೆಯಲ್ಲ. ಇ ತಂತಿಯನ್ನು ಸ್ವಲ್ಪ ಸಡಿಲಿಸಿ ಸೆಕೆಂಡಿಗೆ ೩೬.೭ ಕಂಪನಗಳ ಡಿ ಸ್ವರಕ್ಕೆ ಇಳಿಸುವ ಪದ್ಧತಿಯೊಂದುಂಟು. ಆಗ ಇ ತಂತಿಯ ೩ ಎಂಬ ಅಂಕೆ ಜಿ ಸ್ವರದ ಬದಲು ಎಫ್ ಸ್ವರವನ್ನು ಕೊಡುತ್ತದೆ. ಹಾಳೆಯಲ್ಲಿ ಮಾತ್ರ ಯಾವ ಬದಲಾವಣೆಯೂ ಕಾಣದು. ಪಕ್ಕದಲ್ಲಿ ಕುಳಿತ ಪಿಯಾನೋ ವಾದಕನಿಗೂ ಕೊಳಲಿನವನಿಗೂ ಈ ಅಂಕೆಗಳಿಂದ ನೇರವಾಗಿ ಏನೂ ತಿಳಿಯದು.

ಗಣಿತದ ಮಾತಿನಲ್ಲಿ ಹೇಳುವುದಾದರೆ, ತಂತಿಗಳ ಶ್ರುತಿಯನ್ನು ಕೊಟ್ಟರೆ ಟ್ಯಾಬಿನ ಪ್ರತಿಯೊಂದು ಅಂಕೆಗೂ ಒಂದೇ ಒಂದು ಸ್ವರವಿದೆ. ಆದರೆ ಒಂದು ಸ್ವರಕ್ಕೆ ಹಲವು ಅಂಕೆಗಳಿರಬಹುದು. ಆದುದರಿಂದ ಟ್ಯಾಬಿನಿಂದ ಐದುಗೆರೆಯ ಸ್ವರಕ್ಕೆ ಹೋಗುವ ದಾರಿ ಒಂದೇ. ಸ್ವರದಿಂದ ಟ್ಯಾಬಿಗೆ ಬರುವ ದಾರಿಗಳು ಅನೇಕ. ಒಂದು ಲಿಪಿ ಇನ್ನೊಂದರ ಸುಲಭ ಅನುವಾದವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಾಲದ ವಿಷಯದಲ್ಲಿ ಟ್ಯಾಬ್ ಸಾಮಾನ್ಯವಾಗಿ ಇನ್ನೂ ದುರ್ಬಲ. ಹಳೆಯ ಲ್ಯೂಟ್ ಪುಸ್ತಕಗಳಲ್ಲಿ ಅಂಕೆಗಳ ಮೇಲೆ ಅವಧಿಯ ಚಿಹ್ನೆಗಳನ್ನು ಬರೆಯುತ್ತಿದ್ದರು. ಈಗ ಕೈಯಿಂದ ಕೈಗೆ ಸಾಗುವ ಎಷ್ಟೋ ಟ್ಯಾಬುಗಳಲ್ಲಿ ಅವು ಇರುವುದಿಲ್ಲ. ಅಂಕೆಗಳ ನಡುವಣ ಜಾಗವನ್ನು ನೋಡಿ ಲಯವನ್ನು ಊಹಿಸಬೇಕು. ೦, ೩, ೫ ಎಂಬ ಮೂರು ಅಂಕೆಗಳನ್ನು ಬೇರೆ ಬೇರೆ ಅವಧಿಗಳಲ್ಲಿ ನುಡಿಸಿದರೆ ಪರಸ್ಪರ ಸಂಬಂಧವೇ ಇಲ್ಲದ ಹಲವು ರಾಗಖಂಡಗಳಾಗುತ್ತವೆ. ಹಾಡನ್ನು ಮೊದಲೇ ಕೇಳಿರುವವನಿಗೆ ಮಾತ್ರ ಇಂತಹ ಟ್ಯಾಬ್ ಉಪಯುಕ್ತ.

ಇದರ ಹಿರಿಮೆಯನ್ನೂ ಮರೆಯಬಾರದು. ಹದಿನಾರನೆಯ ಶತಮಾನದ ಲ್ಯೂಟ್ ವಾದಕನು ಯಾವ ತಂತಿಯ ಯಾವ ಮೆಟ್ಟಿಲಿನಲ್ಲಿ ಬೆರಳಿಟ್ಟನೆಂಬುದು ಇಂದಿಗೂ ನಮಗೆ ತಿಳಿದಿರುವುದು ಈ ಲಿಪಿಯಿಂದ. ಐದುಗೆರೆಯ ಲಿಪಿಯೊಂದೇ ಇದ್ದಿದ್ದರೆ ಆ ಕೈಗಳ ನಡೆ ನಮಗೆ ಸಿಕ್ಕುತ್ತಿರಲಿಲ್ಲ.

ಕಿವಿಯ ಕೆಲಸ

ಕೇಳಿ ನುಡಿಸುವುದು ಎಲ್ಲ ಲಿಪಿಗಳಿಗಿಂತ ಹಳೆಯ ವಿದ್ಯೆ. ಆದರೆ ಮಂದ್ರಸ್ವರಗಳ ವಿಷಯದಲ್ಲಿ ಕಿವಿಗೆ ಕೆಲವು ವಿಶೇಷವಾದ ಅಡಚಣೆಗಳಿವೆ.

ಮೊದಲನೆಯದು ಕಿವಿಯ ಸೂಕ್ಷ್ಮತೆ. ಎಲ್ಲ ಕಂಪನಾಂಕಗಳನ್ನೂ ಕಿವಿ ಒಂದೇ ಸಮನಾಗಿ ಗ್ರಹಿಸುವುದಿಲ್ಲವೆಂಬುದನ್ನು ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ೧೯೩೩ರಲ್ಲಿ ವಿವರವಾಗಿ ಅಳೆದು ತೋರಿಸಿದರು. ಸೆಕೆಂಡಿಗೆ ೪೦ ಕಂಪನಗಳ ಶುದ್ಧ ನಾದ ಕೇವಲ ಕೇಳಿಸಬೇಕಾದರೂ, ೧೦೦೦ ಕಂಪನಗಳ ನಾದಕ್ಕೆ ಬೇಕಾಗುವುದಕ್ಕಿಂತ ಸುಮಾರು ೫೦ ಡೆಸಿಬೆಲ್ ಹೆಚ್ಚು, ಎಂದರೆ ಒಂದು ಲಕ್ಷ ಪಟ್ಟು ಹೆಚ್ಚು ತೀವ್ರತೆ ಬೇಕು.

ಎರಡನೆಯದು ಇದಕ್ಕಿಂತಲೂ ಆಶ್ಚರ್ಯಕರ. ಮೊಬೈಲ್ ಫೋನಿನ ಪುಟ್ಟ ಧ್ವನಿವರ್ಧಕವು ೪೧ ಕಂಪನಗಳ ನಾದವನ್ನು ಹೊರಡಿಸಲಾರದು. ಆದರೂ ಅದರಲ್ಲಿ ಹಾಡನ್ನು ಕೇಳುವಾಗ ಬೇಸಿನ ಇ ಸ್ವರ ನಮಗೆ ಗುರುತು ಸಿಕ್ಕುತ್ತದೆ. ಇದು ಹೇಗೆ? ತಂತಿಯು ೪೧.೨ರ ಮೂಲಸ್ವರದ ಜೊತೆಗೆ ೮೨.೪, ೧೨೩.೬, ೧೬೪.೮, ೨೦೬ ಮುಂತಾದ ಉಪಸ್ವರಗಳನ್ನೂ ನುಡಿಯುತ್ತದೆ. ಇವುಗಳಲ್ಲಿ ಮೇಲಿನವು ಮಾತ್ರ ಕಿವಿಯನ್ನು ತಲಪಿದರೂ, ಅವೆಲ್ಲವೂ ೪೧.೨ರ ಗುಣಕಗಳೆಂಬ ಕ್ರಮವನ್ನು ನಮ್ಮ ಶ್ರವಣವ್ಯವಸ್ಥೆ ಕಂಡುಹಿಡಿದು ಇಲ್ಲದ ಮೂಲಸ್ವರವನ್ನು ತಾನೇ ಒದಗಿಸಿಕೊಳ್ಳುತ್ತದೆ. ಜರ್ಮನಿಯ ಸೀಬೆಕ್ ೧೮೪೦ರ ದಶಕದಲ್ಲಿ ಸೈರನ್ ಯಂತ್ರದಿಂದ ಮಾಡಿದ ಪ್ರಯೋಗಗಳಲ್ಲಿಯೇ ಇದು ಗೋಚರವಾಗಿತ್ತು. ೧೯೪೦ರ ಸುಮಾರಿಗೆ ಹಾಲೆಂಡಿನ ಸ್ಕೌಟನ್ ಇದನ್ನು ಮತ್ತೆ ಪರಿಶೀಲಿಸಿದನು. ಈ ಊಹೆಯ ಕಾರ್ಯದಲ್ಲಿ ಕಿವಿ ಕೆಲವೊಮ್ಮೆ ತಪ್ಪುವುದೂ ಉಂಟು. ಆಗ ಸ್ವರ ಸರಿಯಾಗಿದ್ದು ಸ್ಥಾಯಿ ತಪ್ಪುತ್ತದೆ.

ಮೂರನೆಯದು ಕಾಲಕ್ಕೆ ಸಂಬಂಧಿಸಿದ್ದು. ಇ ಸ್ವರದ ಕಂಪನಾಂಕ ೪೧.೨; ಅದರ ಪಕ್ಕದ ಎಫ್ ಸ್ವರದ್ದು ೪೩.೬೫. ವ್ಯತ್ಯಾಸ ಸೆಕೆಂಡಿಗೆ ೨.೪೫ ಕಂಪನಗಳು ಮಾತ್ರ. ಎರಡು ಕಂಪನಗಳು ಪರಸ್ಪರ ಒಂದು ಪೂರ್ಣ ಆವರ್ತದಷ್ಟು ಬೇರೆಯಾಗಲು ೧ನ್ನು ೨.೪೫ರಿಂದ ಭಾಗಿಸಿದಷ್ಟು, ಎಂದರೆ ೦.೪ ಸೆಕೆಂಡು ಹಿಡಿಯುತ್ತದೆ. ಮೂರು ಸ್ಥಾಯಿ ಮೇಲಿನ ಇದೇ ಎರಡು ಸ್ವರಗಳಿಗೆ ವ್ಯತ್ಯಾಸ ೧೯.೬, ಅಲ್ಲಿ ೦.೦೫ ಸೆಕೆಂಡು ಸಾಕು. ನಿಮಿಷಕ್ಕೆ ೧೨೦ ತಾಳದ ಹಾಡಿನಲ್ಲಿ ತಾಳಕ್ಕೆ ಎರಡರಂತೆ ಸ್ವರಗಳು ಬಂದರೆ ಒಂದೊಂದರ ಅವಧಿ ೦.೨೫ ಸೆಕೆಂಡು. ಬರಿಯ ಮೂಲಸ್ವರದಿಂದ ಇಷ್ಟು ಹೊತ್ತಿನಲ್ಲಿ ಇ ಯಾವುದು, ಎಫ್ ಯಾವುದು ಎಂದು ನಿರ್ಣಯಿಸುವುದು ಕಷ್ಟ. ಕಿವಿಯು ಈ ಲೆಕ್ಕಕ್ಕೆ ಪೂರ್ತಿಯಾಗಿ ಕಟ್ಟುಬಿದ್ದುದಲ್ಲವಾದರೂ, ಅದಕ್ಕೆ ಮುಖ್ಯ ಆಸರೆ ಉಪಸ್ವರಗಳೇ. ನಾಲ್ಕನೆಯ ಉಪಸ್ವರದಲ್ಲಿ ವ್ಯತ್ಯಾಸ ನಾಲ್ಮಡಿಯಾಗಿ, ಬೇಕಾಗುವ ಕಾಲ ೦.೧ ಸೆಕೆಂಡಿಗೆ ಇಳಿಯುತ್ತದೆ.

ಕೇಳಿ ಕಲಿಯುವವರಿಗೆ ಇದರಿಂದ ಒಂದು ಉಪಯುಕ್ತ ಸೂಚನೆ ದೊರೆಯುತ್ತದೆ. ಹಿಂದೆ ಗ್ರಾಮಫೋನ್ ತಟ್ಟೆಯನ್ನು ನಿಮಿಷಕ್ಕೆ ೩೩⅓ರ ಬದಲು ೧೬⅔ ಸುತ್ತಿನಲ್ಲಿ ತಿರುಗಿಸಿ ಗಿಟಾರ್ ಕಲಿಯುವವರು ನಿಧಾನವಾಗಿ ಕೇಳುತ್ತಿದ್ದರು. ಹಾಗೆ ಮಾಡಿದರೆ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಬೇಸಿನ ಇ ಸ್ವರವಂತೂ ೨೦ ಕಂಪನಗಳಿಗೆ ಇಳಿದು ಶ್ರವಣದ ಮೇರೆಯನ್ನೇ ಮುಟ್ಟುತ್ತದೆ. ಈಗಿನ ಗಣಕಯಂತ್ರಗಳು ವೇಗವನ್ನೂ ಶ್ರುತಿಯನ್ನೂ ಬೇರೆ ಬೇರೆಯಾಗಿ ಬದಲಿಸಬಲ್ಲವು. ವೇಗವನ್ನು ತಗ್ಗಿಸಿ ಶ್ರುತಿಯನ್ನು ಒಂದು ಸ್ಥಾಯಿ ಏರಿಸಿ ಕೇಳಿದರೆ ತೊಡಕಿನ ಭಾಗಗಳು ಸ್ಪಷ್ಟವಾಗುತ್ತವೆ.

ಇಷ್ಟು ಅಡಚಣೆಗಳಿದ್ದರೂ ಕಿವಿಯ ಸ್ಥಾನವನ್ನು ಯಾವ ಲಿಪಿಯೂ ಆಕ್ರಮಿಸಲಾರದು. ತಾಳಕ್ಕೆ ಕೂದಲೆಳೆಯಷ್ಟು ಹಿಂದೆ ಸರಿದು ಮೀಟುವುದು, ಬೆರಳಿನ ಒತ್ತು, ಸ್ವರದಿಂದ ಸ್ವರಕ್ಕೆ ಜಾರುವ ಬಗೆ ಇವು ಗೆರೆಗೂ ಅಂಕೆಗೂ ಪೂರ್ತಿಯಾಗಿ ಸಿಕ್ಕುವುದಿಲ್ಲ. ನಮ್ಮ ಕರ್ಣಾಟಕ ಸಂಗೀತವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಪುಸ್ತಕದಲ್ಲಿ ಸ, ರಿ, ಗ, ಮ ಎಂದು ಬರೆದಿರುತ್ತದೆ. ಗಾಂಧಾರವನ್ನು ಯಾವ ರಾಗದಲ್ಲಿ ಹೇಗೆ ತೂಗಬೇಕೆಂಬುದನ್ನು ಗುರುಮುಖದಿಂದಲೇ ತಿಳಿಯಬೇಕು.

ಯಾವುದನ್ನು ಕಲಿಯಬೇಕು?

ಬೀಟಲ್ಸ್ ತಂಡದ ಬೇಸ್ ವಾದಕ ಪಾಲ್ ಮೆಕಾರ್ಟ್ನಿ ತಮಗೆ ಐದುಗೆರೆಯ ಲಿಪಿಯನ್ನು ಓದಲು ಬರುವುದಿಲ್ಲವೆಂದು ತಾವೇ ಹೇಳಿದ್ದಾರೆ. ಅವರ ಬೇಸಿನ ನುಡಿಸಾಣಿಕೆಗೆ ಅದರಿಂದ ಯಾವ ಕುಂದೂ ಬರಲಿಲ್ಲ. ಆದರೆ ೧೯೬೫ರಲ್ಲಿ ಅವರ ‘ಯೆಸ್ಟರ್‌ಡೇ’ ಎಂಬ ಗೀತೆಗೆ ಪಿಟೀಲು ವರ್ಗದ ನಾಲ್ಕು ವಾದ್ಯಗಳು ಬೇಕಾದಾಗ, ಅವರ ಮನಸ್ಸಿನಲ್ಲಿದ್ದ ನಾದವನ್ನು ಆ ನಾಲ್ವರು ವಾದಕರಿಗೆ ತಲಪಿಸಲು ಕಾಗದವೇ ಬೇಕಾಯಿತು. ಲಿಪಿಯನ್ನು ಬಲ್ಲ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅದನ್ನು ಬರೆದುಕೊಟ್ಟರು.

ಇನ್ನೊಂದು ಕಡೆ, ಲಾಸ್ ಏಂಜಲಿಸ್ ನಗರದ ಧ್ವನಿಮುದ್ರಣಾಲಯಗಳಲ್ಲಿ ೧೯೬೩ರಿಂದ ಬೇಸ್ ನುಡಿಸಿದ ಕ್ಯಾರೊಲ್ ಕೇ ಅವರು ಲಿಪಿಯನ್ನು ಓದುವುದರಲ್ಲಿ ನಿಪುಣರು. ಆ ಹಿಂದೆ ನೋಡಿಯೇ ಇಲ್ಲದ ಹಾಡುಗಳನ್ನು ಕೆಲವೇ ಗಂಟೆಗಳಲ್ಲಿ ಮುದ್ರಿಸಿಕೊಡಬೇಕಾದ ಕೆಲಸವದು. ಆದರೆ ಅವರ ಮುಂದಿಟ್ಟ ಹಾಳೆಯಲ್ಲಿ ಎಲ್ಲವೂ ಬರೆದಿರುತ್ತಿರಲಿಲ್ಲ; ಎಷ್ಟೋ ವೇಳೆ ಬೇಸಿನ ನಡೆಯನ್ನು ತಾವೇ ಕಲ್ಪಿಸಬೇಕಾಗುತ್ತಿತ್ತು. ಓದುವ ಕಣ್ಣಿನ ಹಿಂದೆ ಕೇಳುವ ಕಿವಿಯಿದ್ದುದರಿಂದ ಅದು ಸಾಧ್ಯವಾಯಿತು.

ಈ ಎರಡು ನಿದರ್ಶನಗಳು ವಿದ್ಯಾರ್ಥಿಗೆ ಮುಖ್ಯ. ಟ್ಯಾಬನ್ನು ಮಾತ್ರ ನಂಬಿದವನ ಹಾಳೆಯಲ್ಲಿ ಒಂದು ಅಂಕೆ ತಪ್ಪಿದ್ದರೆ ಅವನು ಆ ತಪ್ಪನ್ನೇ ನಿಷ್ಠೆಯಿಂದ ನುಡಿಸುತ್ತಾನೆ. ಎಷ್ಟು ಹಾಡುಗಳನ್ನು ಕಲಿತರೂ ತಾನು ನುಡಿಸುತ್ತಿರುವ ಸ್ವರ ಯಾವುದೆಂದು ಅವನಿಗೆ ತಿಳಿಯುವುದಿಲ್ಲ. ಐದು ಗೆರೆಗಳನ್ನು ಮಾತ್ರ ಬಲ್ಲವನು ಹಾಳೆ ಗಾಳಿಗೆ ಹಾರಿದೊಡನೆ ಸುಮ್ಮನಾಗುತ್ತಾನೆ. ಕಿವಿಯನ್ನು ಮಾತ್ರ ನೆಚ್ಚಿದವನಿಗೆ ತಾನು ಕೇಳದಿರುವ ಸಂಗೀತವೆಲ್ಲವೂ ಮುಚ್ಚಿದ ಬಾಗಿಲು. ಅವನು ಕಲ್ಪಿಸಿದ್ದನ್ನು ಯಾರೂ ಮುದ್ರಿಸಿಕೊಳ್ಳದಿದ್ದರೆ ಅದು ಅವನೊಡನೆಯೇ ಮರೆಯಾಗುತ್ತದೆ.

ಆದುದರಿಂದ ಮೂರನ್ನೂ ಒಂದು ಕ್ರಮದಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು. ಪರಿಚಿತವಾದ ಹಾಡೊಂದರಿಂದ ನಾಲ್ಕು ತಾಳಾವರ್ತಗಳಷ್ಟು ಬೇಸಿನ ಭಾಗವನ್ನು ಆರಿಸಿಕೊಳ್ಳಿರಿ. ಮೊದಲು ಅದನ್ನು ಹಲವು ಸಲ ಕೇಳಿ, ಒಂದು ಸ್ಥಾಯಿ ಮೇಲೆ ಬಾಯಲ್ಲಿ ಹಾಡಿರಿ. ಬಳಿಕ ವಾದ್ಯದಲ್ಲಿ ಹುಡುಕಿರಿ. ದೊರೆತ ಸ್ವರಗಳನ್ನು ಅವಧಿಸಮೇತವಾಗಿ ಐದು ಗೆರೆಗಳಲ್ಲಿ ಬರೆಯಿರಿ. ಆಮೇಲೆ ಒಂದೊಂದು ಸ್ವರಕ್ಕೂ ಇರುವ ಎಲ್ಲ ಸ್ಥಾನಗಳನ್ನು ನುಡಿಸಿ ನೋಡಿ, ಮೂಲದ ನಾದಕ್ಕೆ ಹೊಂದುವುದನ್ನು ಆರಿಸಿ, ಕೆಳಗೆ ನಾಲ್ಕು ಗೆರೆಗಳನ್ನೆಳೆದು ಅಂಕೆಗಳನ್ನು ತುಂಬಿರಿ. ನಾಲ್ಕು ಆವರ್ತಗಳಿಗೆ ಮೊದಲ ಸಲ ಒಂದು ಸಂಜೆ ಪೂರ್ತಿ ಹಿಡಿದರೂ ಆಶ್ಚರ್ಯವಿಲ್ಲ. ಮುಗಿದ ಹಾಳೆಯನ್ನು ಆ ಹಾಡನ್ನು ಕೇಳಿರದ ಗೆಳೆಯನೊಬ್ಬನ ಕೈಗೆ ಕೊಟ್ಟು ನುಡಿಸಹೇಳಿರಿ. ಅವನ ತಂತಿಯಿಂದ ಅದೇ ಹಾಡು ಹೊರಟರೆ ನಿಮ್ಮ ಬರಹ ಸರಿಯಾಗಿದೆ. ಹೊರಡದಿದ್ದರೆ ತಪ್ಪಿದ್ದು ಎತ್ತರವೋ, ಅವಧಿಯೋ, ಸ್ಥಾನವೋ ಎಂಬುದನ್ನು ನಿಮ್ಮ ಕಿವಿಯೇ ಹೇಳುತ್ತದೆ.